ಬೆವರಕ್ಕ ಸಹಿ ಹಾಕದ ಬಾಗಿಲು

ಹೋಟೆಲುಗಳಿಗೆ ಸೌನಾ, ಅಂದರೆ ಒಲೆಯ ಕಾವಿನಲ್ಲಿ ಕೂತು ಬೆವರಿಳಿಸುವ ಕೋಣೆಯ ನಕ್ಷೆ ಹಾಕಿಕೊಡುವ ಅವಳನ್ನು ಬಡಗಿಗಳೆಲ್ಲ ಕರೆಯುತ್ತಿದ್ದುದು ಬೆವರಕ್ಕ ಎಂದೇ. ಅದನ್ನು ಕೇಳಿ ಅವಳೇ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದಳು. ನಗು ಎಷ್ಟೇ ಇರಲಿ, ಕೆಲಸದಲ್ಲಿ ಮಾತ್ರ ಮಹಾ ಹಟಮಾರಿ. ಒಲೆಯ ಸುತ್ತ ಮರದ ಕಟಕಟೆ, ಗಾಳಿಗೆ ಕಿಂಡಿ, ಕಣ್ಣೆದುರು ಗಡಿಯಾರ, ಒಳಗಿನಿಂದ ತಳ್ಳಿದರೆ ಸಾಕು ತೆರೆಯುವ ಬಾಗಿಲು. ಯಾರಾದರೂ "ನಮ್ಮ ಅನುಭವದಲ್ಲಿ..." ಎಂದು ಶುರು ಮಾಡಿದರೆ, "ಪರೀಕ್ಷೆ ಮಾಡಿದ ವರದಿ ಇದ್ರೆ ತೋರ್ಸಿ" ಎನ್ನುತ್ತಿದ್ದಳು.

ಇಂಥವಳಿಗೆ ಮೊದಲ ದೊಡ್ಡ ಹೋಟೆಲು ಸಿಕ್ಕಿತ್ತು. ಇದು ಗೆದ್ದರೆ ಅದೇ ಯಜಮಾನರ ಹನ್ನೆರಡು ಐಷಾರಾಮಿ ಮನೆಗಳ ಕೆಲಸವೂ ಅವಳದೇ. ಸಂಭ್ರಮಕ್ಕೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ! ಉದ್ಘಾಟನೆಯ ಹಿಂದಿನ ದಿನ ಅತ್ತೆಗೂ ತೋರಿಸೋಣವೆಂದು ಕರೆದುಕೊಂಡು ಬಂದು ನೋಡಿದರೆ, ಸೌನಾ ಬಾಗಿಲಿಗೆ ಒಳಗೂ ಹೊರಗೂ ಫಳಫಳ ಹೊಳೆಯುವ ಹಿತ್ತಾಳೆ ಹಿಡಿಕೆ. ತಿರುಗಿಸಿದರೇ ತೆರೆಯುವಂಥದ್ದು.

"ಇಡೀ ಹೋಟೆಲಿಗೆ ಇದೇ ಹಿಡಿಕೆ ಕಣಮ್ಮ. ಇದೊಂದು ಬಾಗಿಲು ಯಾಕೆ ಬೋಳಾಗಿರ್ಬೇಕು?" ಎಂದರು ಯಜಮಾನರು. "ಬೆಳಿಗ್ಗೆಯಿಂದ ಇಪ್ಪತ್ತು ಸಲ ತೆಗೆದು ನೋಡಿದ್ದೀನಿ. ಎಲ್ಲ ಸರಿಯಿದೆ ಅಂತ ಸಹಿ ಹಾಕು, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ."

"ಒಲೆ ಹಚ್ಚಿ ನೋಡಿದ್ರಾ ಸಾರ್?"

"ಬಾಗಿಲು ತೆಗೆಯೋಕೆ ಒಲೆ ಯಾಕಮ್ಮ?"

ಅವಳು ಒಲೆ ಹಚ್ಚಿಸಿದಳು. ಒಂದು ಗಂಟೆಯಲ್ಲಿ ಮಾಪಕ ಎಂಬತ್ತು ಡಿಗ್ರಿ ಮುಟ್ಟಿತು. ಅತ್ತೆಯನ್ನು ಹೊರಗೆ ಕಾವಲು ನಿಲ್ಲಿಸಿ, ಯಜಮಾನರ ಜೊತೆ ತಾನೂ ಒಳಗೆ ಕೂತಳು. ಹತ್ತು ನಿಮಿಷಕ್ಕೆ ಯಜಮಾನರು ಎದ್ದರು.

"ಹುಷಾರು ಸಾರ್, ಸುಡುತ್ತೆ."

ಕೇಳುವ ಆಸಾಮಿಯೇ? ಬೆರಳು ತಾಗಿದ್ದೇ ತಡ, "ಅಯ್ಯಯ್ಯಪ್ಪಾ!" ಟವೆಲು ಸುತ್ತಿ ಹಿಡಿದರು, ಜಾರಿತು. ಇನ್ನೊಮ್ಮೆ ಹಿಡಿದರು, ಮತ್ತೆ ಜಾರಿತು. "ತೆಗೀರೀ! ಯಾರಾದ್ರೂ ತೆಗೀರೀ!"

ಬಾಗಿಲ ಗಾಜಿನಾಚೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಕೂಗಿದರು. "ಆ ಹಿಡಿಕೆ ಹೋಗುತ್ತೋ ಇರುತ್ತೋ, ಮೊದ್ಲು ಹೇಳ್ಲಿ!"

"ಅತ್ತೇ! ತಮಾಷೆ ಆಮೇಲೆ, ತೆಗೀರಿ!"

ಹೊರಬಂದ ಯಜಮಾನರು ಎರಡು ಲೋಟ ನೀರು ಕುಡಿದರು. ಅವಳತ್ತ ತಿರುಗಿಯೂ ನೋಡಲಿಲ್ಲ. ಎಲ್ಲ ನೀರಿನಲ್ಲಿ ಹೋಮವಾಯಿತು ಎಂದುಕೊಂಡಳು ಬೆವರಕ್ಕ. ಆದರೂ ಹಾಳು ನಗು ಒತ್ತರಿಸಿ ಬಂತು. ಅತ್ತೆ ತೋಳು ಚಿವುಟಿದರೂ ನಿಲ್ಲಲಿಲ್ಲ.

ಯಜಮಾನರು ಸುಟ್ಟ ಬೆರಳಿಗೆ ಉಫ್ ಉಫ್ ಎಂದು ಊದುತ್ತ ಬಾಗಿಲನ್ನೇ ನೋಡುತ್ತಿದ್ದರು.

"ನಾಳೆ ಮೊದಲು ಒಳಗೆ ಕೂರೋಳು ನಮ್ಮಮ್ಮ" ಎಂದರು ಮೆಲ್ಲಗೆ. "ಯಾರೂ ಬೇಡ, ಒಬ್ಳೇ ಕೂರ್ತೀನಿ ಅಂದಿದ್ಲು."

ಬೆವರಕ್ಕನ ನಗು ಗಕ್ಕನೆ ನಿಂತಿತು.

"ಕಿತ್ತಾಕಿಸಮ್ಮ ಅದನ್ನ. ಆ ಹನ್ನೆರಡು ಮನೆಗೂ ನೀನು ಹೇಳ್ದಂಗೇ ಆಗ್ಲಿ."