ಗಡಿಯಲ್ಲಿ ಗೋರಂಟಿ ಬೆರಳು

ನನಗೆ ಬೆರಳುಗಳೇ ಇಲ್ಲವೆಂದು ಒಸಾಕಾ ವಿಮಾನ ನಿಲ್ದಾಣದ ಯಂತ್ರ ತೀರ್ಮಾನಿಸಿತು. ಎರಡೂ ತೋರುಬೆರಳನ್ನು ಗಾಜಿನ ಮೇಲೆ ಒತ್ತಿ ನಿಂತಿದ್ದೆ; ಮತ್ತೆ ಮತ್ತೆ ಕೆಂಪು ದೀಪ. ತಪ್ಪು ಹಲಸೂರಿನದು. ಹೊರಡುವ ಮುನ್ನಾದಿನ ಚಿಕ್ಕಮ್ಮ ಗೋರಂಟಿ ಸೊಪ್ಪು ರುಬ್ಬಿ, ಒಂದೊಂದು ಬೆರಳ ತುದಿಗೂ ಟೋಪಿ ಹಾಕಿದಂತೆ ಮೆತ್ತಿದ್ದಳು. "ಬರೀ ಕೈಲಿ ದೂರದೂರಿಗೆ ಹೋಗ್ತಾರೇನೇ?" ಬಣ್ಣ ಚೆನ್ನಾಗಿ ಏರಿತ್ತು. ಗೆರೆಗಳು ಯಂತ್ರಕ್ಕೆ ಕಾಣಲಿಲ್ಲ.

ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸಕ್ಕೆ ಹೋದವಳು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿದವಳು. ಪಕ್ಕದಲ್ಲಿ ಆ ದೇಶದವರ ಸಾಲು ಬೆರಳು ಕೊಡದೆಯೇ ಸಾಗುತ್ತಿತ್ತು. ಕಳ್ಳರು ಹೊರಗಿನಿಂದಲೇ ಬರುತ್ತಾರೆಂದು ಯಾರು ಸಾಬೀತು ಮಾಡಿದರು? ವಾದ ಸಿದ್ಧವಿತ್ತು, ಭಾಷೆ ಇರಲಿಲ್ಲ. ಅಧಿಕಾರಿ ನನ್ನನ್ನೊಂದು ಕೋಣೆಯಲ್ಲಿ ಕೂರಿಸಿ "ದಾಯ್‌ಜೋಬು" ಎಂದ. ಪರವಾಗಿಲ್ಲ ಎಂದರ್ಥ. ಏನೂ ಸರಿಯಿಲ್ಲದಾಗಲೂ ಅಲ್ಲಿ ಅದನ್ನೇ ಹೇಳುತ್ತಾರೆಂದು ಆಮೇಲೆ ಕಲಿತೆ.

ನಮ್ಮಲ್ಲಿ ಬೆರಳು ಕೇಳುವುದಿಲ್ಲವೇ ಎಂದು ನೀವು ಕೇಳಬಹುದು. ಕೇಳುತ್ತಾರೆ. ರೇಷನ್ ಅಂಗಡಿಯ ಯಂತ್ರ ಚಿಕ್ಕಮ್ಮನ ಹೆಬ್ಬೆಟ್ಟನ್ನು ಎಷ್ಟೋ ಸಲ ಒಪ್ಪಿಲ್ಲ. ಆಗ ಅಂಗಡಿಯವನು ಯಂತ್ರಕ್ಕೇ ಬೈಯುತ್ತಾನೆ: "ಸೆರಗಲ್ಲಿ ಒರೆಸ್ಕೊಂಡು ಒತ್ತಕ್ಕಾ. ನೀನ್ಯಾರಂತ ನಂಗೊತ್ತು, ಈ ಮುಂಡೇದಕ್ಕೆ ಗೊತ್ತಾಗ್ಬೇಕಲ್ಲ!" ಆ ಕೋಣೆಯಲ್ಲಿ ನನ್ನ ಪರವಾಗಿ ಯಂತ್ರಕ್ಕೆ ಬೈಯುವವರು ಯಾರೂ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬೇರೆ ಬೇರೆ ಬೆರಳು ಒತ್ತಿಸಿ, ಕೊನೆಗೆ ಬಿಟ್ಟರು.

ಆಮೇಲೆ ಒಂಟಿ ಕೋಣೆ, ಸಾರಿಲ್ಲದ ಅಂಟನ್ನ, ದಿನಕ್ಕೊಂದು ಹೊಸ ಪದ. ಆಶ್ರಮದಲ್ಲಿ ಮರೆವಿನ ಕಾಯಿಲೆಯ ಒಬ್ಬರು ಅಜ್ಜಿ ಮಾತ್ರ ದಿನವೂ ನನ್ನ ಕೆಂಪು ಬೆರಳು ಹಿಡಿದು ನಗುತ್ತಿದ್ದರು. ನನ್ನನ್ನೂ ಗುರುತಿಸುವವರೊಬ್ಬರು ಸಿಕ್ಕರೆಂದು ಬೀಗಿದೆ. ಬಣ್ಣ ಮಾಸಿತು. ಮರುದಿನದಿಂದ ಅವರಿಗೂ ನಾನು ಯಾರೋ.

ಈಗ ತಂಗಿಯ ಮದುವೆಗೆಂದು ಹಲಸೂರಿಗೆ ಬಂದಿದ್ದೇನೆ. ನಾಳೆ ವಾಪಸು. ಚಿಕ್ಕಮ್ಮ ಗೋರಂಟಿ ಬಟ್ಟಲು ಹಿಡಿದು ಎದುರಿಗೆ ಕೂತಳು. ಯಂತ್ರದ ವಿಷಯ ಹೇಳಿದೆ.

"ಮತ್ತೆ ಬೆರಳು ಕೊಡ್ಬೇಕಾ? ಅಲ್ಲೇ ಇದ್ದವಳಲ್ವೇನೇ ನೀನು?"

"ಇದ್ರೂ ಕೊಡ್ಬೇಕು. ಹೋದಾಗೆಲ್ಲ."

"ನನ್ ಹತ್ರ ಇಷ್ಟ್ ವಾದ ಮಾಡ್ತೀಯ. ಅವ್ರ ಹತ್ರ ಮಾಡೇ!"

ಕೈ ಚಾಚಿದೆ.

"ಅಂಗೈಗೆ ಹಾಕು ಚಿಕ್ಕಮ್ಮ. ತುದಿ ಬಿಟ್ಬಿಡು."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಅಂಗೈಯ ನಡುವೆ ಚಂದ್ರನಂತೆ ದುಂಡಗೆ ಮೆತ್ತಿ, ಬೆರಳ ತುದಿಗೆ ಸೋಕಿದ್ದ ಹಸಿರನ್ನು ತನ್ನ ಸೆರಗಿನಿಂದ ಒಂದೊಂದಾಗಿ ಒರೆಸಿದಳು.