ಈ ವಾದವನ್ನು ದುರ್ಬಲಗೊಳಿಸುವುದು ಯಾವುದು?

ನಮ್ಮ ಕಿವಿಯಕ್ಕನಿಗೆ ಆ ಹೆಸರಿಟ್ಟವರು ರೋಗಿಗಳು. ಕಿವಿ ಪರೀಕ್ಷೆ ಮಾಡುವ ನಮ್ಮ ಪುಟ್ಟ ಕ್ಲಿನಿಕ್ಕಿನಲ್ಲಿ ಯಂತ್ರದ ಮುಂದೆ ಕೂರುವವಳು ಅವಳು. ಹೊರಗಿನ ಮೇಜಿನಲ್ಲಿ ಕೂತು ಬಂದವರ ಹೆಸರು, ವಯಸ್ಸು, ತೊಂದರೆ ಕೇಳಿ ಬರೆದುಕೊಳ್ಳುವವಳು ನಾನು. ಅವಳ ತಲೆ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಪರಿಹಾರದ ಆಸೆಗೆ ಕಿವುಡು ನಟಿಸಿಕೊಂಡು ಬಂದವರನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹಿಡಿದುಬಿಡುತ್ತಿದ್ದಳು. ಅಂಥವಳು ಮೋಸ ಹೋದಳು ಎಂದರೆ ನಂಬುವುದು ನನಗೆ ಈಗಲೂ ಕಷ್ಟ.

ನಲವತ್ತು ಹತ್ತಿರ ಬಂದಾಗ ಅವಳಿಗೆ ಆಸ್ಪತ್ರೆ ಆಡಳಿತದಲ್ಲಿ ಮೇಲಿನ ಓದು ಓದುವ ಹುಚ್ಚು ಹಿಡಿಯಿತು. ಕಾಲೇಜು ಬೇರೆ ಊರಿನಲ್ಲಿ. ಸೇರಬೇಕಾದರೆ ಪ್ರವೇಶ ಪರೀಕ್ಷೆ, ಅದರಲ್ಲಿ ತರ್ಕದ ಪ್ರಶ್ನೆಗಳದ್ದೇ ಒಂದು ಭಾಗ. ಯಾರೋ ನಾಲ್ಕು ಸಾಲಿನಲ್ಲಿ ಒಂದು ವಾದ ಹೂಡಿರುತ್ತಾರೆ. ಅದರ ತೂತು ಎಲ್ಲಿದೆ ಎಂದು ಇವರು ಹುಡುಕಬೇಕು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಕೂಡಲೇ ದಪ್ಪ ಪುಸ್ತಕವನ್ನು ನನ್ನ ಕೈಗೆ ತುರುಕಿ “ಓದೇ” ಎನ್ನುತ್ತಿದ್ದಳು. ನನಗೆ ಆ ಪುಸ್ತಕ ಕಂಡರೆ ಆಗುತ್ತಿರಲಿಲ್ಲ. ಉಣ್ಣುವ ಹೊತ್ತಿನಲ್ಲಿ ಯಾವನೋ ಕಾರ್ಖಾನೆ ಮಾಲೀಕ ಎಲ್ಲಿ ಎಡವಿದ ಎಂದು ತಿಳಿದು ನನಗಾಗಬೇಕಾದ್ದೇನು? ಆದರೂ ಓದುತ್ತಿದ್ದೆ.

ಅವಳ ಮನೆಯಲ್ಲಿ ಮಾತ್ರ ಹೊಗೆಯಾಡುತ್ತಿತ್ತು. ಅವಳ ಗಂಡನನ್ನು ನಾನು ಭಾವ ಎಂದೇ ಕರೆಯುವುದು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಯಂತ್ರ ನಡೆಸುವವರು, ಮೊದಲಿನಿಂದಲೂ ಮಾತು ಕಡಿಮೆ. ಅವಳು ಪುಸ್ತಕ ಹಿಡಿದ ಮೇಲಂತೂ ತುಟಿ ಹೊಲಿದುಕೊಂಡಿದ್ದರಂತೆ.

“ಅಡುಗೆಮನೆಯಿಂದ ಕೂಗಿದ್ರೆ ಓಗೊಡಲ್ಲ ಕಣೇ. ನಾನು ಬಾಯಿಬಿಟ್ಟು ಓದ್ಕೋತಾ ಕೂತ್ರೆ ಟಿವಿ ಇನ್ನೂ ಜೋರು ಮಾಡ್ತಾರೆ. ಫೋನ್ ಮಾಡಿದ್ರೆ ಕಟ್ ಮಾಡಿ, ಮೆಸೇಜು ಹಾಕು ಅಂತಾರೆ. ಜಾಣಕಿವುಡು! ಹೆಂಡತಿ ಮುಂದೆ ಬರ್ತಾಳಲ್ಲ ಅಂತ ಹೊಟ್ಟೆಯುರಿ.”

“ನೇರವಾಗಿ ಕೇಳ್ಬಾರ್ದಾ ಅಕ್ಕ?”

“ಕೇಳ್ದೆ. ಶೂ ಹಾಕ್ಕೋತಿದ್ರು. ನಾನು ಓದೋದು ನಿಮಗೆ ಇಷ್ಟ ಇಲ್ವಾ ಅಂದೆ. ತಲೆ ಎತ್ತಿ ಕೂಡ ನೋಡ್ಲಿಲ್ಲ. ಸೀಟು ಸಿಗ್ಲಿ, ಹೊರಟೆ. ಮತ್ತೆ ಆ ಹೊಸ್ತಿಲು ತುಳಿಯಲ್ಲ.”

ಇದು ಸಿಟ್ಟಿನ ಬಾಯಿಮಾತಲ್ಲ. ಕಾಲೇಜಿನ ಹತ್ತಿರ ಒಬ್ಬಳಿಗೆ ಸಾಕಾಗುವಷ್ಟು ಒಂದು ರೂಮನ್ನೂ ನೋಡಿಟ್ಟಿದ್ದಳು. ನನಗೂ ಭಾವನ ಮೇಲೆ ಕೆಟ್ಟ ಕೋಪ ಬಂದಿತ್ತು.

ಒಂದು ದಿನ ಊಟದ ಹೊತ್ತಿಗೆ ಬಂದ ಪ್ರಶ್ನೆ ಹೀಗಿತ್ತು: ಒಂದು ಕಚೇರಿಗೆ ಹೊಸ ಮೇಲಧಿಕಾರಿ ಬಂದಾಗಿನಿಂದ ನೌಕರರು ತಡವಾಗಿ ಬರುತ್ತಿದ್ದಾರೆ, ಆದ್ದರಿಂದ ಅವರಿಗೆ ಮೇಲಧಿಕಾರಿ ಮೇಲೆ ಅಸಮಾಧಾನವಿದೆ. ಈ ವಾದವನ್ನು ದುರ್ಬಲಗೊಳಿಸುವುದು ಯಾವುದು?

ನಾನು ಆಯ್ಕೆಗಳನ್ನು ಓದುವ ಮೊದಲೇ ಅವಳೆಂದಳು: “ಅದೇ ತಿಂಗಳು ಅಲ್ಲಿನ ರಸ್ತೆ ಅಗೆದು ಹಾಕಿದ್ರು ಅನ್ನೋ ಥರದ್ದು ಏನಾದ್ರೂ ಇದೆಯಾ? ಅದೇ ಉತ್ತರ. ಬೇರೆ ಕಾರಣ ಇರಬಹುದಾ ಅಂತ ಮೊದಲು ನೋಡ್ಬೇಕು ಕಣೇ. ಅಷ್ಟೇ ಗುಟ್ಟು.”

ಇದ್ದದ್ದು ಅದೇ. ಅವಳ ಜಂಬ ನೋಡಿ ನನಗೆ ಕೀಟಲೆ ಮಾಡುವ ಮನಸ್ಸಾಯಿತು. ಪುಸ್ತಕದಲ್ಲಿ ಇದ್ದದ್ದನ್ನೇ ಓದುವವಳ ಹಾಗೆ ರಾಗ ಎಳೆದೆ: “ಹೆಂಡತಿ ಓದಲು ಆರಂಭಿಸಿದಾಗಿನಿಂದ ಒಬ್ಬ ಗಂಡ ಹಿಂದಿನಿಂದ ಕರೆದರೆ ಓಗೊಡುವುದಿಲ್ಲ. ಟಿವಿ ಜೋರಾಗಿ ಇಡುತ್ತಾನೆ. ಫೋನಿನಲ್ಲಿ ಮಾತಾಡುವುದಿಲ್ಲ. ಆದ್ದರಿಂದ ಅವನಿಗೆ ಹೆಂಡತಿಯ ಓದು ಇಷ್ಟವಿಲ್ಲ. ಈ ವಾದವನ್ನು ದುರ್ಬಲಗೊಳಿಸುವುದು ಯಾವುದು?”

ಅವಳು ನಗುತ್ತಲೇ ಶುರು ಮಾಡಿದಳು. “ಸುಲಭ. ಆ ಗಂಡನಿಗೆ...”

ಮಾತು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ತುತ್ತು ಡಬ್ಬಿಗೆ ಬಿತ್ತು. ಮುಖ ಬಿಳಿಚಿಕೊಂಡಿತು. ಏನಾಯಿತೆಂದು ನನಗೂ ಆಗಲೇ ಹೊಳೆಯಿತು. ಹಿಂದಿನಿಂದ ಕರೆದರೆ ಗೊತ್ತಾಗುತ್ತಾ? ಟಿವಿ ಜೋರಾಗಿ ಇಡ್ತೀರಾ? ಫೋನಲ್ಲಿ ಮಾತು ತಿಳಿಯುತ್ತಾ? ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ದಿನವಿಡೀ ಈ ಮೂರು ಪ್ರಶ್ನೆ ಕೇಳುವವಳು ನಾನೇ. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ಆ ಕತ್ತಲಲ್ಲಿ ನಾವಿಬ್ಬರೂ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆವು.

“ಪ್ರೆಸ್ಸಿನ ಸದ್ದು,” ಎಂದಳು ಅವಳು, ಗರ ಬಡಿದವಳ ಹಾಗೆ. “ಅಲ್ಲಿಗೆ ಹೋಗಿ, ಕಿವಿ ಜೋಪಾನ ಅಂತ ಎಲ್ರಿಗೂ ಭಾಷಣ ಮಾಡಿ ಬಂದವಳು ನಾನೇ ಕಣೇ.”

ಮರುದಿನ ಭಾವನನ್ನು ಕರೆಸಿದಳು. ಯಂತ್ರ ಸರಿಯಿದೆಯೇ ಎಂದು ನೋಡಲು ಒಂದು ಒಳ್ಳೆಯ ಕಿವಿ ಬೇಕು ಎಂದು ಮೆಸೇಜಿನಲ್ಲಿ ಸುಳ್ಳು ಹೇಳಿದ್ದಳು. ಅವರು ಕೈಯ ಮಸಿ ಒರೆಸಿಕೊಳ್ಳುತ್ತಲೇ ಬಂದರು. ಹೊರಗಿನ ಸದ್ದು ಹೊಗದ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೆ ಗುಂಡಿ ಕೊಟ್ಟೆವು. ಎಷ್ಟೇ ಸಣ್ಣ ಸದ್ದು ಕೇಳಿಸಿದರೂ ಗುಂಡಿ ಒತ್ತಬೇಕು. ಬಾಗಿಲು ಮುಚ್ಚಿ, ಗಾಜಿನ ಕಿಟಕಿಯ ಈಚೆ ಅವಳು ಯಂತ್ರದ ಮುಂದೆ ಕೂತಳು. ನಾನು ಅವಳ ಹಿಂದೆ ನಿಂತೆ.

ಏನನ್ನು ಬೇಡಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಕೇಳಿಸಿದರೆ ಮನಸ್ಸು ಕೆಟ್ಟಿದೆ, ಕೇಳಿಸದಿದ್ದರೆ ಕಿವಿ ಕೆಟ್ಟಿದೆ.

ಅವಳು ಸದ್ದು ಬಿಟ್ಟಳು. ಭಾವ ಒತ್ತಿದರು, ನಮ್ಮ ಕಡೆ ದೀಪ ಹೊತ್ತಿತು. ಇನ್ನೂ ಸಣ್ಣ ಸದ್ದು. ಒತ್ತಿದರು. ಮುಂದಿನದು ನನ್ನ ಚುರುಕು ಕಿವಿಗೂ ಕೇಳಿಸದಷ್ಟು ಸಣ್ಣದು. ಅದಕ್ಕೂ ಒತ್ತಿದರು.

“ಎಲ್ಲಾ ಕೇಳಿಸ್ತಿದೆ,” ಎಂದಳು. ಆ ದನಿ ಸತ್ತುಹೋಗಿತ್ತು. “ಹಾಗಾದ್ರೆ ನಾನು ಅಂದ್ಕೊಂಡಿದ್ದೇ ನಿಜ.”

ಏಳಲು ಹೊರಟವಳು ಹಾಗೇ ಕೂತಳು. ಗಾಜಿನಾಚೆಯಿಂದ ಭಾವ ನೋಡುತ್ತಿದ್ದದ್ದು ಅವಳ ಮುಖವನ್ನಲ್ಲ, ಕೈಯನ್ನು. ಅವಳು ಸದ್ದನ್ನು ಪೂರ್ತಿ ನಿಲ್ಲಿಸಿದಳು. ಯಂತ್ರದ ಮೇಲೆ ಬರಿದೇ ಬೆರಳಾಡಿಸಿದಳು.

ಭಾವ ಗುಂಡಿ ಒತ್ತಿದರು.

ಇನ್ನೊಮ್ಮೆ ಬೆರಳಾಡಿಸಿದಳು. ಮತ್ತೆ ಒತ್ತಿದರು. ಒತ್ತಿ, ಸರಿಯಾಯ್ತಾ ಎನ್ನುವಂತೆ ನಮ್ಮನ್ನು ನೋಡಿ ನಕ್ಕರು. ಎಷ್ಟೋ ಜನರ ಪರೀಕ್ಷೆ ನೋಡಿದ್ದೇನೆ, ಇಂಥದ್ದನ್ನು ನೋಡಿರಲಿಲ್ಲ.

ಅವಳು ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಹೆಡ್‌ಫೋನು ತೆಗೆದು, ಅವರ ಮುಂದೆ ಮೊಣಕಾಲೂರಿ ಕೂತು, ಒಂದೊಂದೇ ಮಾತು ಬಿಡಿಸಿ ಕೇಳಿದಳು: “ಸದ್ದೇ ಇರ್ಲಿಲ್ಲ. ಯಾಕ್ರೀ ಒತ್ತಿದ್ರಿ?”

“ಇರ್ಲಿಲ್ವಾ?” ಭಾವನಿಗೆ ನಿಜವಾಗಿಯೂ ಆಶ್ಚರ್ಯ. “ನೀನು ಕೈ ಆಡಿಸ್ದೆ. ಸದ್ದು ಬಂದಿರ್ಲೇಬೇಕು, ನನ್ನ ಗಮನ ಎಲ್ಲೋ ಇತ್ತು ಅಂದ್ಕೊಂಡೆ.”

“ಮನೇಲಿ ನಾನು ಮಾತಾಡೋದು ಕೇಳಿಸುತ್ತಾ?”

ಅವರು ತಲೆ ತಗ್ಗಿಸಿದರು. ದೊಡ್ಡ ಗಂಡಸು, ಬೈಸಿಕೊಂಡ ಮಗುವಿನ ಹಾಗೆ.

“ನೀನೆಲ್ಲಿ ಮಾತಾಡ್ತೀಯ? ಆ ಪುಸ್ತಕ ಬಂದಮೇಲೆ ನನ್ನ ಜೊತೆ ಮಾತೇ ಬಿಟ್ಟೆ. ಆ ಪುಸ್ತಕದ ಜೊತೆ ಮಾತ್ರ ಪಿಸುಪಿಸು ಅಂತಿರ್ತೀಯ. ನನ್ನಂಥವನು ಸಾಕಾಯ್ತು, ಬಿಟ್ಟು ಹೋಗ್ತಾಳೆ ಅಂದ್ಕೊಂಡೆ.” ಕೈಯಲ್ಲಿದ್ದ ಗುಂಡಿಯನ್ನು ಸುಮ್ಮನೆ ತಿರುಗಿಸುತ್ತಾ ಹೇಳಿದರು: “ದಿನಾ ಕೆಲಸದಿಂದ ಬಂದೋನು ಮೊದಲು ಬೀರು ತೆಗೆದು ನೋಡ್ತೀನಿ. ನಿನ್ನ ಬಟ್ಟೆ ಇನ್ನೂ ಇದೆಯಾ ಅಂತ.”