ಮೂರನೇ ಗುಂಪು

ನನಗೂ ನನ್ನ ನಾದಿನಿಗೂ ಎಣ್ಣೆ ಸೀಗೆಕಾಯಿ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಹಾಗೇ. ಕಾರಣ ಕೇಳಬೇಡಿ, ಹುಡುಕಿದರೆ ನೂರು ಸಿಗುತ್ತವೆ. ಅವಳಿಗೆ ಅವಳ ಕೆಲಸ ಬಿಟ್ಟರೆ ಬೇರೆ ಲೋಕವಿಲ್ಲ. ಊಟಕ್ಕೆ ಕರೆದರೆ "ಬಂದೆ" ಎನ್ನುತ್ತಾಳೆ, ಬರುವುದಿಲ್ಲ. ಎಲ್ಲ ತಣ್ಣಗಾದ ಮೇಲೆ ಬಂದು, ಏನು ತಿಂದೆನೆಂದು ತಿಳಿಯದೆ ತಿಂದು ಏಳುತ್ತಾಳೆ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಅವಳ ಕೆಲಸ. ಸ್ಕ್ಯಾನ್ ಯಂತ್ರದೊಳಗೆ ಮಲಗಿದವರ ಮಿದುಳಿನಲ್ಲಿ ಯಾವ ಭಾಗ ಯಾವುದರ ಜೊತೆ ಸೇರಿ ಕೆಲಸ ಮಾಡುತ್ತಿದೆ ಎಂಬ ಚಿತ್ರಗಳು ಅವಳ ಕಂಪ್ಯೂಟರಿಗೆ ಬರುತ್ತವೆ. ಒಂದನ್ನೊಂದು ಹೋಲುವ ಮಿದುಳುಗಳನ್ನು ಅವಳು ಗುಂಪು ಮಾಡುತ್ತಾಳೆ. ಎಷ್ಟು ಗುಂಪು ಎಂದು ಹೇಳುವವರು ಮನುಷ್ಯರೇ. ಮೂರು ಎಂದರೆ ಕಂಪ್ಯೂಟರು ಮೂರು ಮಾಡಿಕೊಡುತ್ತದೆ, ಬೇಡ ಎನ್ನುವುದಿಲ್ಲ. ದೊಡ್ಡ ಡಾಕ್ಟರು ಮೂರು ಎಂದಿದ್ದರು.

ಪಾರ್ಶ್ವವಾಯು ಬಡಿದು ನನ್ನ ಯಜಮಾನರ ಮಾತು ನಿಂತಾಗ, ಇವರನ್ನೂ ಆ ಯಂತ್ರದೊಳಗೆ ಮಲಗಿಸಿದವಳು ಅವಳೇ. ಮೊದಲ ಎರಡು ಗುಂಪಿನವರಿಗೆ ಮಾತು ಕಲಿಸುವ ತರಗತಿ. ಮೂರನೆಯವರಿಗೆ ಕಲಿಸಿ ಪ್ರಯೋಜನವಿಲ್ಲವಂತೆ. ಇವರು ಮೂರನೇ ಗುಂಪಿಗೆ ಬಿದ್ದರು.

"ಸ್ವಂತ ಅಣ್ಣನ್ನ ಕಸದ ಬುಟ್ಟಿಗೆ ಹಾಕ್ದೆ ಅಲ್ವೇನೇ?" ಎಂದೆ. ಅವಳು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟಳು.

ನಾನೂ ಬಿಡಲಿಲ್ಲ. ಬೆಳಗಾದರೆ ಸಾಕು, ಚುಚ್ಚುತ್ತಿದ್ದೆ. ಕೊನೆಗೆ ಅವಳು ಮೂರನೇ ಗುಂಪಿನವರನ್ನೆಲ್ಲ ಮತ್ತೆ ಒಬ್ಬೊಬ್ಬರಾಗಿ ನೋಡಿದಳು. ಯಂತ್ರದೊಳಗೆ ಕಣ್ಣು ತೆರೆದು ಸುಮ್ಮನೆ ಮಲಗಿರಬೇಕೆಂಬುದು ನಿಯಮ. ಕಣ್ಣಿನ ಮೇಲೊಂದು ಕ್ಯಾಮೆರಾ ಇದ್ದರೂ ಅದರಲ್ಲಿ ಸೆರೆಯಾದದ್ದನ್ನು ಯಾರೂ ತಿರುಗಿ ನೋಡಿರಲಿಲ್ಲ. ಈ ಗುಂಪಿನವರು ಹೆಚ್ಚುಕಡಿಮೆ ಎಲ್ಲರೂ ಕಣ್ಣು ಮುಚ್ಚಿದ್ದರು. ಕಂಪ್ಯೂಟರು ಬೇರೆ ಮಾಡಿದ್ದು ಗುಣವಾಗದವರನ್ನಲ್ಲ, ನಿದ್ದೆ ಹೋದವರನ್ನು. ನಮ್ಮ ಯಜಮಾನರಿಗೆ ಕೊಡುತ್ತಿದ್ದ ಮಾತ್ರೆ ನುಂಗಿದರೆ ಆನೆಯೂ ಮಲಗಬೇಕು.

ಕೇಳಿ ನನಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನಾಳೇನೇ ಅಣ್ಣನ್ನ ಮೊದಲ್ನೇ ಗುಂಪಿಗೆ ಸೇರಿಸು."

"ಆಗಲ್ಲ ಅತ್ತಿಗೆ. ಉಳಿದವ್ರು? ಅವ್ರ ಮನೇಲೂ ನಿಮ್ಮ ಥರ ಕಾಯ್ತಿರ್ತಾರೆ. ಅಲ್ದೆ ಎಚ್ಚರ ಇದ್ದಿದ್ರೆ ಅಣ್ಣ ಯಾವ ಗುಂಪಿಗೆ ಬರ್ತಿದ್ದ ಅಂತ ನಂಗೂ ಗೊತ್ತಿಲ್ಲ. ಎಲ್ರನ್ನೂ ಮತ್ತೆ ಸ್ಕ್ಯಾನ್ ಮಾಡ್ಬೇಕು."

"ಮೊದಲ ಕೆಲವು ತಿಂಗಳು ಕಳೆದ್ರೆ ಮಾತು ಬರೋದು ಕಷ್ಟ ಅಂತ ಡಾಕ್ಟ್ರು ಹೇಳಿದ್ದು ಮರೆತ್ಯಾ?"

"ಮರೆತಿಲ್ಲ."

ಊರಿಗೆ ಉಪಕಾರಿ, ಮನೆಗೆ ಮಾರಿ. ಮರುದಿನವೇ ಹೋಗಿ ದೊಡ್ಡ ಡಾಕ್ಟರ ಮುಂದೆ ಎಲ್ಲ ಹೇಳಿದಳು. ಅವರು ಮೇಜು ಗುದ್ದಿ ಬೈದರಂತೆ. ಗುಂಪುಗಳೇ ತಪ್ಪೆಂದ ಮೇಲೆ ತರಗತಿ ಯಾರಿಗೆ? ಎಲ್ಲರಿಗೂ ನಿಂತಿತು. ಮೊದಲ ಗುಂಪಿನ ರೋಗಿಯೊಬ್ಬರ ಹೆಂಡತಿ ನಮ್ಮ ಬಾಗಿಲಿಗೇ ಬಂದು ಅವಳಿಗೆ ಶಾಪ ಹಾಕಿದಳು. ಒಳಗಿದ್ದ ನಾನು, ಹಾಕಲಿ, ಇನ್ನೂ ನಾಲ್ಕು ಹಾಕಲಿ ಎಂದುಕೊಂಡೆ.

ಎರಡನೇ ಸ್ಕ್ಯಾನಿಗೆ ಸರದಿ ಬರುವಷ್ಟರಲ್ಲಿ ವರ್ಷ ಉರುಳಿತು. ಬಾಯಾರಿದರೆ ಇವರು ಲೋಟ ತೋರಿಸುತ್ತಿದ್ದರು, ಸಿಟ್ಟು ಬಂದರೆ ಗೋಡೆ ಗುದ್ದುತ್ತಿದ್ದರು. ಈ ಸಲ ಯಾರೂ ನಿದ್ದೆ ಹೋಗದಂತೆ ನೋಡಿಕೊಂಡರು. ಎರಡೇ ಗುಂಪು ಸಾಕೆಂದರು, ಇವರು ತರಗತಿ ಸಿಗುವ ಗುಂಪಿಗೇ ಬಂದರು. ಸುದ್ದಿ ಹೇಳುತ್ತ ನಾದಿನಿ ಅತ್ತಳು. ನಾನು ಎದ್ದು ಅಡುಗೆಮನೆಗೆ ಹೋದೆ.

ತರಗತಿಯ ಮೊದಲ ದಿನ ಮೂವರೂ ಹೋದೆವು. ಕಲಿಸುವಾಕೆ ಇವರಿಗೆ ಒಂದೆರಡು ಚಿತ್ರ ತೋರಿಸಿ, ಬಾಯಿ ಆಡಿಸಲು ಹೇಳಿ, ಆಮೇಲೆ ನನ್ನ ಕಡೆ ತಿರುಗಿದಳು.

"ಇಷ್ಟು ತಡ ಯಾಕೆ ಮಾಡಿದ್ರಿ? ಮೊದ್ಲೇ ಬಂದಿದ್ರೆ ಎಷ್ಟೋ ಮಾತು ಬರ್ತಿತ್ತಲ್ಲ."

ನಾದಿನಿಯೇ ಹೇಳಲಿ ಎಂದು ಅವಳ ಮುಖವನ್ನೇ ನೋಡುತ್ತ ನಿಂತೆ.

"ತಡ ಮಾಡಿದ್ದು ನಾನು," ಎಂದಳು.

ಇವರು ಕೈ ಚಾಚಿ ತಂಗಿಯ ಕೈ ಹಿಡಿದುಕೊಂಡರು. ನನ್ನ ಕಡೆ ನೋಡಲಿಲ್ಲ.